ಭಾವನವರ ದನಿ ತೆಗೆದ ಮೇಲೆ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತಿದ್ದ ಗುಮಾಸ್ತ, ದಿನದ ಮೊದಲ ರೋಗಿಗೆ "ಬನ್ನಿ, ಕೂತ್ಕೊಳ್ಳಿ" ಎಂದು ಬಾಯಿತುಂಬ ನಕ್ಕ. ಬಾಯೊಳಗೆ ಕಗ್ಗತ್ತಲು. ರೋಗಿ ಕೆನ್ನೆ ಹಿಡಿದುಕೊಂಡೇ, "ಇಲ್ಲಿ ಕೆಲಸ ಮಾಡೋರ ಗತಿನೇ ಹೀಗಾ?" ಎಂದು ಹೊರಟುಹೋದ. ಡಾಕ್ಟರಮ್ಮ ಕನ್ನಡಿ ಹಿಡಿದಾಗಲೇ ಗುಮಾಸ್ತನಿಗೆ ನೆನಪಾದದ್ದು. ಬೆಳಿಗ್ಗೆ ಹೆಂಡತಿ ತನ್ನ ಕ್ಲಾಸಿನ ಪ್ರಯೋಗಕ್ಕೆಂದು ಇದ್ದಿಲ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಅವನ ನಾಲಿಗೆಗೆ ಬಳಿದು, "'ಆಟ' ಅನ್ನಿ" ಎಂದು ಅನ್ನಿಸಿ, ನಾಲಿಗೆ ಅಂಗುಳಿಗೆ ಎಲ್ಲಿ ತಾಗಿತೆಂದು ಪುಟ್ಟ ಕನ್ನಡಿ ತೂರಿಸಿ ಫೋಟೊ ತೆಗೆದಿದ್ದಳು. ಮುಕ್ಕಳಿಸುವಷ್ಟರಲ್ಲಿ ಬಸ್ಸು ಬಂದಿತ್ತು.

ಅವಳು ಭಾಷಾವಿಜ್ಞಾನದ ಎಂ.ಎ. ವಿದ್ಯಾರ್ಥಿನಿ. ಮದುವೆಯ ವರ್ಷ ಕೈಬಿಟ್ಟ ಓದನ್ನು ಮಗಳ ಓದು ಮುಗಿದ ಮೇಲೆ ಮತ್ತೆ ಹಿಡಿದವಳು. ತರಗತಿಯ ಹುಡುಗರೆಲ್ಲ ಅಕ್ಕಾ ಎನ್ನುತ್ತಿದ್ದರು, ಒಮ್ಮೊಮ್ಮೆ ಮೇಷ್ಟರೂ ಬಾಯ್ತಪ್ಪಿ ಹಾಗೇ ಕರೆಯುತ್ತಿದ್ದರು. ಇಂಥವಳ ಗಂಡನಾಗಿ ಗುಮಾಸ್ತನಿಗೆ ಒಳಗೊಳಗೇ ಹೆಮ್ಮೆಯಿತ್ತು. ಹೊರಗೆ ತೋರಿಸುವ ಧೈರ್ಯವಿರಲಿಲ್ಲ, ಅಷ್ಟೆ.

ಡಿಗ್ರಿಗೆ ಅವಳು ಬರೆಯಬೇಕಿದ್ದ ಪ್ರಬಂಧದ ವಿಷಯ, ಊಟದ ಮೇಜಿನಲ್ಲಿ ಯಾರ ಮಾತನ್ನು ಯಾರು ಕಡಿಯುತ್ತಾರೆ ಎಂಬುದು. ಭಾನುವಾರದ ಊಟ ಯಾವಾಗಲೂ ಗುಮಾಸ್ತನ ಅಣ್ಣನ, ಎಂದರೆ ಅವಳ ಭಾವನವರ, ಮನೆಯಲ್ಲಿ. ಎಲ್ಲರ ಒಪ್ಪಿಗೆ ಪಡೆದು ಅವಳು ರೆಕಾರ್ಡರನ್ನು ನೀರಿನ ಜಗ್ಗಿಗೆ ಒರಗಿಸಿ ಇಟ್ಟಳು. ಆಮೇಲೆ ತಿಂಗಳುಗಟ್ಟಲೆ ಕೂತು ಮಾತನ್ನೆಲ್ಲ ಬರಹಕ್ಕಿಳಿಸಿದಳು. ಒಬ್ಬರ ಮಾತಿನ ನಡುವೆ ಇನ್ನೊಬ್ಬರು ಬಾಯಿ ಹಾಕಿದಲ್ಲೆಲ್ಲ ಒಂದು ಓರೆಗೆರೆ.

ಮಾತಾಡಿದವರಿಗೆ ಬರಹ ತೋರಿಸಬೇಕೆಂಬುದು ವಿಭಾಗದ ನಿಯಮ. ತೋರಿಸಿದಳು. ಅಲ್ಲೇ ಎಡವಟ್ಟಾದದ್ದು.

"ಈ ಗೆರೆಯೆಲ್ಲ ಏನಿದು?" ಎಂದರು ಭಾವನವರು, ಕನ್ನಡಕ ಹಣೆಗೇರಿಸಿ.

"ಭಾವ, ಅದು—"

"ನಾನು ಮಧ್ಯ ಬಾಯಿ ಹಾಕ್ತೀನಿ ಅಂತಾನಾ? ನಾನಾ?"

"ಅಲ್ಲ ಭಾವ, ಯಾರೇ ಆದ್ರೂ—"

"ನನ್ನ ಮನೇಲಿ ಉಂಡು ನನ್ನ ಮಾತನ್ನೇ ಕೊಯ್ಯೋಕೆ ಯೂನಿವರ್ಸಿಟಿಗೆ ಹೋದ್ಯೇನಮ್ಮಾ? ನನ್ನ ಒಪ್ಪಿಗೆ ವಾಪಸ್! ನನ್ನ ದನಿ ಅದರಲ್ಲಿ ಒಂದು ಚೂರೂ ಇರಕೂಡದು!"

ಗುಮಾಸ್ತ ಕೆಮ್ಮಿದ. ಈ ಜಗಳದಲ್ಲಿ ಅವನ ಪಾಲು ಅಷ್ಟೇ.

ಮನೆಗೆ ಬಂದು ಅವಳು ಚಪ್ಪಲಿ ಬಿಟ್ಟ ರೀತಿ ನೋಡಿಯೇ ಅವನು ತನ್ನ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ.

"ಅಣ್ಣನ ಎದುರಿಗೆ ನಿಮ್ಮ ನಾಲಿಗೆಗೆ ಏನಾಗಿತ್ರೀ? ಇದ್ದಿಲು ಇನ್ನೂ ಅಂಟಿತ್ತಾ? ಅವರ ದನಿ ತೆಗೆದ್ರೆ ಪ್ರಬಂಧ ಎಲ್ಲಿ ಉಳಿಯುತ್ತೆ? ಹೊಸದಾಗಿ ಮಾಡೋಕೆ ಟೈಮಿದೆಯಾ? ಈ ಸಲಾನೂ ನಾನು ಅರ್ಧಕ್ಕೇ ಬಿಡ್ಬೇಕಾ?"

"ನಾಳೆ ಹೋಗಿ ಮಾತಾಡ್ತೀನಿ."

ಹೋದ. ಕಾಫಿ ಕುಡಿದ, ಅಣ್ಣನ ಮನೆಯ ಸೋರುವ ನಲ್ಲಿಗೆ ವಾಷರ್ ಹಾಕಿದ, ಪೆಚ್ಚುಮೋರೆ ಹೊತ್ತು ವಾಪಸ್ ಬಂದ.

"ಹೋದ ಕೆಲಸ?"

"ಅಣ್ಣ ಮಾತಾಡ್ತಾನೇ ಇದ್ದ ಕಣೇ. ನಂಗೆ ಸಂದೇ ಸಿಗ್ಲಿಲ್ಲ."

"ಅಯ್ಯೋ, ಅದನ್ನೇ ಅಲ್ವೇನ್ರೀ ನಾನು ಬರ್ದಿರೋದು!" ಅವಳು ಅರಚಿದ ಅಬ್ಬರಕ್ಕೆ ಪಕ್ಕದ ಮನೆಯ ಕಿಟಕಿ ತೆರೆಯಿತು. "ಅಣ್ಣನಿಗೆ ಹೆದರ್ತೀರಿ, ನನಗೂ ಹೆದರ್ತೀರಿ. ಒಬ್ಬರಿಗಾದ್ರೂ ಸರಿಯಾಗಿ ಹೆದ್ರಿ!"

ಗುಮಾಸ್ತನಿಗೂ ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗದೆ ಸ್ನಾನದ ಮನೆಗೆ ಹೋಗಿ ಬಕೆಟ್ಟಿಗೆ ಒದ್ದ. ಕಾಲು ಊದಿಕೊಂಡಿತು.

ಗೈಡ್ ಮೇಷ್ಟರು ನಿಯಮ ಬಿಡಿಸಿ ಹೇಳಿದರು: ಒಪ್ಪಿಗೆ ಹಿಂದಕ್ಕೆ ಪಡೆದವರ ದನಿಯನ್ನು ಅಳಿಸಲೇಬೇಕು, ಉಳಿದವರದ್ದು ಇಟ್ಟುಕೊಳ್ಳಬಹುದು. ಅವಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಹಲ್ಲು ಕಚ್ಚಿ, ಕೀಲಿಮಣೆ ಕುಟ್ಟಿ ಕುಟ್ಟಿ ಭಾವನವರನ್ನು ಅಕ್ಷರ ಬಿಡದೆ ಅಳಿಸಿದಳು. ರೆಕಾರ್ಡಿಂಗಿನಲ್ಲಿ ಅಳಿಸಿದಷ್ಟೂ ಜಾಗವನ್ನು ಹಾಗೇ ಖಾಲಿ ಬಿಟ್ಟಳು. ಕಡಿದವರ ಹೆಸರಿಲ್ಲದೆ, ಕಡಿದುಹೋದ ಮಾತುಗಳ ಮೇಲಷ್ಟೇ ಪ್ರಬಂಧವನ್ನು ಮತ್ತೆ ಬರೆದಳು.

ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದಿತ್ತು. ತಮ್ಮ ದನಿ ಎಲ್ಲಾದರೂ ನುಸುಳೀತೆಂದು ಕಾವಲಿಗೆ ಭಾವನವರೇ ಬಂದು ಮುಂದಿನ ಸಾಲಿನಲ್ಲಿ ಕೂತರು. ಗುಮಾಸ್ತ ಬಾಗಿಲ ಪಕ್ಕ, ಓಡಿಹೋಗಲು ಅನುಕೂಲವಾಗುವಂತೆ, ಕೂತ.

ರೆಕಾರ್ಡಿಂಗ್ ಹಾಕಿದರು. ತಟ್ಟೆಯ ಸದ್ದು. "ನಾನು ಹೇಳೋದೇನಂದ್ರೆ—" ಎಂಬ ಅವಳ ದನಿ. ಆಮೇಲೆ ನಿಶ್ಶಬ್ದ. ಉದ್ದಕ್ಕೂ ನಿಶ್ಶಬ್ದ. ನಡುವೆ ಒಮ್ಮೆ ಗುಮಾಸ್ತನ "ಹೂಂ ಅಣ್ಣ". ಮತ್ತೆ ನಿಶ್ಶಬ್ದ.

ಪರೀಕ್ಷಕರು ಸ್ಪೀಕರನ್ನು ತಟ್ಟಿ ನೋಡಿ, ಕಾಯುವಷ್ಟು ಕಾದು, ಕೊನೆಗೆ ಕೇಳಿದರು: "ಏನಮ್ಮಾ, ಇಷ್ಟು ಹೊತ್ತು ಯಾರೂ ಮಾತೇ ಆಡ್ತಿಲ್ಲವಲ್ಲ, ಆಗ ಏನು ನಡೀತಿದೆ?"

"ನಮ್ಮ ಭಾವ ಮಾತಾಡ್ತಿದಾರೆ ಸರ್," ಎಂದಳು ಅವಳು.