ತಾರಮಾಸ್ತರರು ಮತ್ತು ನವಿ ಪೇಠದ ಭಯ

ಮೂವತ್ತೈದು ವರ್ಷ ಟಪಾಲು ಮತ್ತು ತಂತಿ ಇಲಾಖೆಯಲ್ಲಿ ಸೇವೆ ಸಲ್ಲಿಸಿ, ಅದರಲ್ಲಿ ಹನ್ನೆರಡು ವರ್ಷಗಳನ್ನು ಅಕ್ಕಲಕೋಟೆಯಲ್ಲೂ ಕೊನೆಯ ಹನ್ನೆರಡು ವರ್ಷಗಳನ್ನು ಸೊಲ್ಲಾಪುರದಲ್ಲೂ ಕಳೆದು, ಈ ವರ್ಷ ನಿವೃತ್ತರಾದ ಶ್ರೀ ಸಾತಲಿಂಗಪ್ಪ ಕಲಶೆಟ್ಟಿಯವರನ್ನು ನಮ್ಮ ಸೀಮೆ ತಾರಮಾಸ್ತರರೆಂದೇ ಬಲ್ಲದು. ಶೇರು ಪೇಟೆಯ ಏರಿಳಿತಗಳ ಬಗ್ಗೆ ಮಾತನಾಡಬಲ್ಲ ದಲಾಲರೂ ವಕೀಲರೂ ಸೊಲ್ಲಾಪುರದಲ್ಲಿ ಬೇಕಾದಷ್ಟು ಜನರಿದ್ದಾರೆ. ಆದರೆ ಹೆದರಿದ ಮನುಷ್ಯ ತನ್ನ ಗಂಟಿನ ವಿಷಯದಲ್ಲಿ ಹೇಗೆ ನಡೆದುಕೊಳ್ಳುತ್ತಾನೆಂಬುದನ್ನು ಇವರಷ್ಟು ಹತ್ತಿರದಿಂದ ಕಂಡವರು ಇನ್ನೊಬ್ಬರಿಲ್ಲ. ಮುಂಬಯಿಗೆ ಹೋಗುವ ‘ಶೇರು ಮಾರಿಬಿಡಿ’ ಎಂಬ ಮಾತೂ ಅಲ್ಲಿಂದ ಬರುವ ದರವೂ ಇವರ ಬೆರಳಿನ ಕೆಳಗೇ ಹಾದುಹೋಗಬೇಕಿತ್ತು. ಅಷ್ಟನ್ನೂ ಕಂಡು, ಒಂದನ್ನೂ ಆಡದೆ, ಕೆಲವು ತಿಂಗಳ ಹಿಂದೆ ಕಚೇರಿಯ ಮೆಟ್ಟಿಲಿಳಿದು ಬಂದರು.

ನನ್ನಿಂದಲೂ ಒಂದು ಲೇಖನ ಬೇಕೆಂದು ಅಭಿನಂದನ ಸಮಿತಿಯವರು ಕೇಳಿದಾಗ ನಾನು ಹಿಂಜರಿದೆ. ಇಂಥ ಗ್ರಂಥಗಳಲ್ಲಿ ಎಲ್ಲರೂ ದೇವರಾಗಿಬಿಡುತ್ತಾರೆ. ಅದನ್ನು ನಂಬುವ ಸ್ವಭಾವ ನನ್ನದಲ್ಲ. ಆದ್ದರಿಂದ ನಾನು ಮಾಸ್ತರರ ಮೇಲೆ ಸಂಶಯಪಟ್ಟ ಕಥೆಯನ್ನೇ ಬರೆಯುತ್ತೇನೆ. ಮನೆಗೆಲಸದ ನಡುವೆ ಎದ್ದು ಕೂತು ಬರೆದದ್ದು; ಅಲ್ಲಲ್ಲಿ ಎಳೆ ಕಡಿದಿದ್ದರೆ ಓದುಗರು ಮನ್ನಿಸಬೇಕು.

ಅಕ್ಕಲಕೋಟೆಯಲ್ಲಿ ನಾನು ಹತ್ತು ವರ್ಷದವಳಿದ್ದಾಗ ಅವರು ಅಲ್ಲಿಗೆ ವರ್ಗವಾಗಿ ಬಂದರು. ಸಾಲೆಯಲ್ಲಿ ನಮಗೆಲ್ಲ ಮರಾಠಿ. ಮನೆಮಾತಿನ ಅಕ್ಷರ ಬರದಿದ್ದರೆ ಹೇಗೆಂದು ಅವರು ಸಂಜೆ ತಮ್ಮ ಕಟ್ಟೆಯ ಮೇಲೆ ಓಣಿಯ ಏಳೆಂಟು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಕನ್ನಡ ಕಲಿಸಿದರು. ಒಂದು ಕಾಸನ್ನೂ ಮುಟ್ಟಲಿಲ್ಲ. ನಾನು ಈಗ ಬರೆಯುತ್ತಿರುವ ಅಕ್ಷರ ಆ ಕಟ್ಟೆಯದೇ.

ಆಗಿನ ಕಾಲಕ್ಕೆ ತಾರು, ಅಂದರೆ ತಂತಿ, ಬಂತೆಂದರೆ ಸಾವಿನ ಸುದ್ದಿ ಎಂದೇ ಜನ ತಿಳಿಯುತ್ತಿದ್ದರು. ಇಂಗ್ಲಿಷಿನಲ್ಲಿದ್ದುದನ್ನು ಓದಿ ಹೇಳುವವರೂ ಇವರೇ. ಸುದ್ದಿ ಎಂಥದೇ ಇರಲಿ, ಬಂದವರನ್ನು ಮೊದಲು ಕೂಡಿಸಿ ಒಂದು ತಂಬಿಗೆ ನೀರು ಕೊಡುವುದು ಅವರ ಪದ್ಧತಿ. ಒಳ್ಳೆಯ ಸುದ್ದಿಗೂ ಅದೇ ನೀರು, ಅದೇ ಮುಖ. ಒಮ್ಮೆ ನಾಗಣಸೂರದ ಹಿರಾಬಾಯಿ ತಂಬಿಗೆ ಕಂಡೊಡನೆ ಎದೆ ಬಡಿದುಕೊಂಡು, “ಅಯ್ಯ ನನ್ನ ಮಗನ, ಹೋದ್ಯೇನೋ!” ಎಂದು ಬೀದಿಗೆ ಕೇಳುವಂತೆ ಅತ್ತಳು. ಮಾಸ್ತರರು, “ಎಲ್ಲೂ ಹೋಗಿಲ್ಲವ್ವಾ, ಪುಣೇದಾಗ ಪಾಸಾಗ್ಯಾನ. ಮೊದಲ ನೀರ್ ಕುಡಿ,” ಎಂದರು. ಹಿರಾಬಾಯಿ ನೀರು ಕುಡಿದು, “ಪಾಸಾದ್ರ ಮುಖ ಹಿಂಗ್ಯಾಕ ಇಟ್ಕೊಂಡೀರಿ, ನಿಮಗೇನ್ ಧಾಡಿ!” ಎಂದು ಅವರನ್ನೇ ಬೈದು ಹೋದಳು.

ಮದುವೆಯಾಗಿ ನಾನು ಸೊಲ್ಲಾಪುರದ ನವಿ ಪೇಠಕ್ಕೆ ಬಂದೆ. ಕೆಲವು ವರ್ಷಗಳಲ್ಲಿ ಮಾಸ್ತರರೂ ಅಲ್ಲಿಗೇ ವರ್ಗವಾದರು. ನಮ್ಮ ಮನೆಯವರು ಒಂದು ಅರಿವೆ ಅಂಗಡಿಯಲ್ಲಿ ಗುಮಾಸ್ತರು. ತವರಿನಲ್ಲಿ ನನಗೆ ಬಂಗಾರದ ಬದಲು ಮಾರ್ತಾಂಡ ಮಿಲ್ಲಿನ ನಲವತ್ತು ಶೇರುಗಳನ್ನು ನನ್ನ ಹೆಸರಿನಲ್ಲಿ ಕೊಟ್ಟಿದ್ದರು. ಅವು ಟ್ರಂಕಿನ ತಳದಲ್ಲಿದ್ದವು. ಹಿರಿಯ ಮಗಳು ಕಮಳಾಳಿಗೆ ಮೂರನೆಯ ವಯಸ್ಸಿನಲ್ಲಿ ಜ್ವರ ಬಂದು ಎಡಗಾಲು ಸೊರಗಿತ್ತು. ಗೋಡೆ ಹಿಡಿಯದೆ ನಡೆಯಲಾರಳು. ಮಿರಜದ ಡಾಕ್ಟರರು ಐವತ್ತೆರಡರ ವೈಶಾಖದಲ್ಲಿ ಕಾಲಿನ ಶಸ್ತ್ರಕ್ರಿಯೆ ಮಾಡಲು ಒಪ್ಪಿದ್ದರು. ಅದಕ್ಕೆ ನಮ್ಮಲ್ಲಿದ್ದ ಆಧಾರ ಆ ಕಾಗದಗಳೊಂದೇ.

ಆ ವರ್ಷದ ಫಾಲ್ಗುಣ ಹಲವರಿಗೆ ನೆನಪಿರಬಹುದು. ಕೊರಿಯಾದ ಲಡಾಯಿಯ ಕಾಲಕ್ಕೆ ಏರಿದ್ದ ಅರಳೆ, ನೂಲು, ಶೇಂಗಾ ಎಲ್ಲದರ ಬೆಲೆಯೂ ಕೆಲವು ವಾರಗಳಲ್ಲಿ ಕುಸಿಯಿತು. ಒಂದು ದಿನ ಮಧ್ಯಾಹ್ನ ನಮ್ಮ ಮನೆಯವರು ಊಟದ ಹೊತ್ತಿಗೆ ಮುಂಚೆಯೇ ಬಂದರು.

“ಮಾರ್ತಾಂಡ ಮಿಲ್ ಮುಚ್ಚತಾರಂತ. ಮುಂಬಯಿಂದ ಮಿಲ್ ನಡಸೂ ಏಜಂಟರ ಬಂಗಲೇಕ್ಕ ತಾರ ಮ್ಯಾಲ ತಾರ ಬರಾಕತ್ತಾವ. ಇವತ್ತ ಮಾರಿದ್ರ ಅರ್ಧಾನರ ಬರತದ. ನಾಳಿಗೆ ಆ ಕಾಗದ ಒಲಿಗೆ ಹಾಕೂದ.”

“ಮಾಸ್ತರ್ರಿಗೆ ಗೊತ್ತಿರತದಲ್ಲ, ಕೇಳಿ ಬರತೀನಿ,” ಎಂದೆ.

“ಅವರ ಹೇಳತಾರೇನ? ಗೊತ್ತಿದ್ದೂ ಸುಮ್ಮನ ಕುಂತಾರ ಅಂದ್ರ ಬಗಲಾಗ ಏನರ ಇರತದ. ಎಲ್ಲಾರೂ ಮಾರೂವಾಗ ಅವರ ಕೊಳ್ಳಾಕತ್ತಾರೋ ಏನೋ.”

ಆ ಮಾತು ನನ್ನಲ್ಲಿ ಮುಳ್ಳಿನಂತೆ ನೆಟ್ಟಿತು. ಕಾಗದಗಳನ್ನು ಅರಿವೆಯಲ್ಲಿ ಕಟ್ಟಿಕೊಂಡು ನಾನು ದಲಾಲರ ಕಡೆಗೆ ಹೋಗುವ ಮೊದಲು ತಂತಿ ಕಚೇರಿಗೆ ಹೋದೆ.

ಕಿಂಡಿಯ ಮುಂದೆ ನೂಕುನುಗ್ಗಲು. ಬೇರೆ ದಿನ ಒಂದೊಂದು ಶಬ್ದಕ್ಕೂ ಚೌಕಾಸಿ ಮಾಡಿ ಬರೆಯುವವರು ಅಂದು ದುಪ್ಪಟ್ಟು ದರದ ಅರ್ಜೆಂಟ್ ತಾರಿಗೆ ಜಗಳಾಡುತ್ತಿದ್ದರು. ‘ಮಾರಿಬಿಡಿ’ ಎಂಬ ಒಂದೇ ಶಬ್ದ ಕಳಿಸಲು ಅವಸರ. ಎಷ್ಟೋ ವರ್ಷಗಳ ಮೇಲೆ, ಯಾರ ಹೆಸರನ್ನೂ ಎತ್ತದೆ, ಮಾಸ್ತರರು ನನಗೊಮ್ಮೆ ಹೇಳಿದ್ದುಂಟು: ಮಾರಿಬಿಡಿ ಎಂದು ತಾರು ಕೊಟ್ಟವನೇ ಮರುದಿನ ಬಂದು ಇಂದಿನ ದರವೇನೆಂದು ಮತ್ತೊಂದು ತಾರು ಕೊಡುತ್ತಾನೆ, ತಾನು ಮಾರಿದ ಮೇಲೆ ಅದು ಇನ್ನೂ ಇಳಿದಿರಲೆಂಬ ಆಸೆ ಅವನಿಗೆ.

“ಮಾಸ್ತರ್ರ, ಏಜಂಟರ ಬಂಗಲೇಕ್ಕ ಬಂದ ತಾರದಾಗ ಏನಿತ್ರಿ?” ಎಂದು ಕೇಳಿದೆ.

“ನಿನ್ನಿ ಬಾಳ ತಾರ ಬಂದಾವವ್ವಾ.”

“ನನ್ನ ಮಗಳ ಕಾಲಿನ ಪ್ರಶ್ನೆ ಐತ್ರಿ.”

ಅವರು ಲೇಖನಿಯನ್ನು ಕೆಳಗಿಟ್ಟರು. “ನಿನ್ನ ಮಗಳ ಕಾಲಾದ್ರೂ ಅಷ್ಟ, ನನ್ನ ಮಗಳ ಕಾಲಾದ್ರೂ ಅಷ್ಟ. ನಾ ಹೇಳಂಗಿಲ್ಲ.”

“ಹಂಗಾರ ನಿಮಗ ಗೊತ್ತದ.”

“ನಂದ ಬಿಡು. ಮಿಲ್ ಮುಚ್ಚತದಂತ ನಿನಗ ಯಾರ್ ಹೇಳಿದ್ರು? ಅವರಿಗೆ ಯಾರ್ ಹೇಳಿದ್ರು? ಕಾಲ ನಿನ್ನಾವ ಗಟ್ಟಿ ಅದಾವಲ್ಲ, ನಡಕೊಂತ ಹೋಗಿ ಕೇಳು. ಮಾರೂದಿದ್ರ ಕೇಳಿ ಬಂದು ಸಂಜಿ ನಾಲ್ಕ ಗಂಟೆಕ್ಕ ಮಾರು.”

ನನಗೆ ಸಿಟ್ಟು ಬಂತು. ಕಲಿಸಿದ ಗುರು ಕಿಂಡಿಯಿಂದ ನೂಕಿದಂತೆ ಅನಿಸಿತು. ನೇರವಾಗಿ ದಲಾಲ ನಾಗಪ್ಪನವರ ಅಂಗಡಿಗೆ ನಡೆದೆ. ಅಲ್ಲಿ ಸಾಲು ಹೊರಗಿನ ಕಟ್ಟೆಯವರೆಗೆ ಚಾಚಿತ್ತು. ಮಿಲ್ಲಿನ ಗೇಟಿಗೆ ಹೋಗಿ ವಿಚಾರಿಸಿ ಬಂದವನು ಅದರಲ್ಲಿ ಒಬ್ಬನೂ ಇರಲಿಲ್ಲ; ಪ್ರತಿಯೊಬ್ಬನೂ ಮುಂದಿನವನ ಮುಖ ನೋಡಿ ತನ್ನ ಭಯವನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದ.

“ಎಲ್ಲಾರೂ ಮಾರಾಕತ್ತಾರ ಅಂದ್ರ ಕೊಳ್ಳಾಕತ್ತವರ ಯಾರ್ರಿ, ನಾಗಪ್ಪಣ್ಣ?” ಎಂದು ಕೇಳಿದೆ.

“ಅದೊಂದ ಕೇಳಬ್ಯಾಡ್ರಿ ಬಾಯಾರ,” ಎಂದು ನಾಗಪ್ಪನವರು ನಕ್ಕರು.

“ತಾರಮಾಸ್ತರ್ರೇನ್ರಿ?”

“ಅವರು? ಅವರ ಮನಿಯವರು ಕಸ್ತೂರಬಾಯಾರ ಮುಂಜಾನೆನ ಬಂದು ತಮ್ಮ ಹತ್ತೂ ಶೇರು ಮಾರಿ ಹೋಗ್ಯಾರ. ಅದನ್ನ ನೋಡೇ ಮಂದಿ ಹಿಂಗ ಓಡಿ ಬಂದದ್ದು. ಹೂಂ, ಸಹಿ ಮಾಡ್ರಿ.”

ಲೇಖನಿ ಕೈಗೆ ಬಂತು. ತಾರು ಇಳಿಸಿಕೊಂಡವರ ಮನೆಯವರೇ ಮಾರಿದ ಮೇಲೆ ಇನ್ನೇನು ಉಳಿಯಿತೆಂದು ಯಾರಿಗಾದರೂ ಅನಿಸುತ್ತದೆ. ಆದರೆ ಲೆಕ್ಕ ಕೂಡಲಿಲ್ಲ. ಹೆಂಡತಿಗೆ ಗುಟ್ಟಾಗಿ ಹೇಳಿ ಮಾರಿಸಿದ ಮನುಷ್ಯ ನನ್ನನ್ನು ಯಾಕೆ ಬೀದಿ ಬೀದಿ ಕೇಳಿಕೊಂಡು ಬಾ ಎಂದು ಕಳಿಸಬೇಕು? ಏನೋ ಮೋಸವಿದೆ ಎಂದುಕೊಂಡು ಲೇಖನಿಯನ್ನು ತಿರುಗಿ ಕೊಟ್ಟೆ. “ಮಿಲ್ ಮುಚ್ಚತದಂತ ನಿಮಗ ಯಾರ್ರಿ ಹೇಳಿದ್ರು?”

“ಮಿಲ್ಲಿನವನ ಹೇಳ್ಯಾನ, ಒಳಗಿನ ಸುದ್ದಿ. ನಿಮ್ಮ ವಾಡೇದಾಗ ಇರೂ ಹುಲೆಪ್ಪ.”

ಹುಲೆಪ್ಪ ನಮ್ಮ ವಾಡೆಯಲ್ಲೇ, ಒಂದೇ ಅಂಗಳದ ಪಕ್ಕದ ಮನೆಯವನು, ನೇಯ್ಗೆ ವಿಭಾಗದಲ್ಲಿ ಕೆಲಸ. ನಾನು ಮನೆಗೆ ತಿರುಗಿ ಬಂದಾಗ ಎರಡನೆಯ ಪಾಳಿಗೆ ಹೊರಡಲು ರುಮಾಲು ಸುತ್ತುತ್ತಿದ್ದ. ಕೇಳಿದರೆ, “ನನಗ ಮಿಲ್ಲಿನ್ಯಾಗ ಯಾರ್ ಹೇಳತಾರಕ್ಕಾ, ಮಗ್ಗದ ಸಾಚಾ ನಿಂತ್ರ ಬೈತಾರ, ಅಷ್ಟ. ಇಕಿ ಹೇಳಿದ್ಲು,” ಎಂದು ಹೆಂಡತಿಯ ಕಡೆ ಕೈ ಮಾಡಿದ.

ಮಲಕಮ್ಮ ಕಣ್ಣು ಅಗಲಿಸಿ ನನ್ನನ್ನೇ ನೋಡಿದಳು. “ನನ್ನ ಕೇಳತೀರೇನಕ್ಕಾ? ನಿನ್ನಿ ನಳದ ಹಂತ್ಯಾಕ ನೀವ ಅಂದ್ರಲ್ಲ, ಒಂದ ಮುಂಜಾನಿಗೆ ಏಜಂಟರ ಬಂಗಲೇಕ್ಕ ಎರಡ ತಾರ ಹೋದಾವ, ಏನ್ ಗಂಡಾಂತರನೋ ಅಂತ?”

“ನಾ ಮಿಲ್ ಮುಚ್ಚತದಂತ ಅಂದಿದ್ನೇನ?”

“ಅದನ್ನ ಬಾಯಿ ಬಿಟ್ಟ ಹೇಳಬೇಕೇನ? ನೀವು ತಾರಮಾಸ್ತರ್ರ ಕಡೆ ಕಲ್ತವರು. ನಿಮಗ ಒಳಗಿಂದ ಗೊತ್ತಿರತದಂತ ತಿಳಕೊಂಡೆ.”

ನಳದ ಹತ್ತಿರ ಕೊಡ ತುಂಬುವ ತನಕ ಆಡಿದ ಮಾತು ಅದು. ಮಲಕಮ್ಮ ನನ್ನನ್ನು ನಂಬಿದಳು, ಹುಲೆಪ್ಪ ಅವಳನ್ನು, ಹುಲೆಪ್ಪ ಮಿಲ್ಲಿನವನೆಂದು ನಾಗಪ್ಪನವರು, ನಾಗಪ್ಪನವರು ದಲಾಲರೆಂದು ನಮ್ಮ ಮನೆಯವರು. ಒಂದು ದಿನದಲ್ಲಿ ಅದು ಪೇಠವನ್ನೆಲ್ಲ ಸುತ್ತಿ ನನ್ನ ಮಗಳ ಕಾಲನ್ನು ಕೇಳಲು ನನ್ನ ಬಾಗಿಲಿಗೇ ಬಂದಿತ್ತು. ಊರನ್ನೆಲ್ಲ ಸಂಶಯದಿಂದ ನೋಡುವ ನಾನು ನನ್ನ ಬಾಯಿಯೊಂದನ್ನು ಮಾತ್ರ ಸಂಶಯಿಸದೆ ಬಿಟ್ಟಿದ್ದೆ.

ನಾಚಿಕೆಯಿಂದಲೇ ಕಚೇರಿಗೆ ತಿರುಗಿ ಹೋದೆ. ನಡೆದದ್ದನ್ನೆಲ್ಲ ಹೇಳಿದರೂ ಮಾಸ್ತರರು ನಗಲಿಲ್ಲ.

“ಹಂಗಾರ ಸುದ್ದಿ ಸುಳ್ಳೇನ್ರಿ?” ಎಂದೆ.

“ಸುಳ್ಳಂತ ನಾ ಅನ್ನಾಕತ್ತಿಲ್ಲ. ಅದು ನಿನಗ ಗೊತ್ತಿಲ್ಲ ಅನ್ನಾಕತ್ತೀನಿ. ಕಮಳಾಗ ಎಷ್ಟ ಬೇಕು? ಯಾವಾಗ ಬೇಕು?”

ಅಷ್ಟು ಕೇಳಿ, ನನ್ನ ಉತ್ತರಕ್ಕೂ ಕಾಯದೆ, ಮುಂದಿನವರ ಕಾಗದಕ್ಕೆ ಕೈ ಚಾಚಿದರು. ನಾನು ಶಸ್ತ್ರಕ್ರಿಯೆಗೆ ಬೇಕಾಗುವಷ್ಟು, ಹದಿನೆಂಟು ಶೇರುಗಳನ್ನು, ಅಂದಿನ ಇಳಿದ ದರಕ್ಕೇ ಮಾರಿದೆ. ವೈಶಾಖ ದರಕ್ಕಾಗಿ ಕಾಯುವುದಿಲ್ಲ. ಉಳಿದದ್ದನ್ನು ಟ್ರಂಕಿಗೆ ಹಾಕಿದೆ. ಮಿಲ್ಲು ಮುಚ್ಚಲಿಲ್ಲ. ದಸರೆಯ ಹೊತ್ತಿಗೆ ದರ ಸ್ವಲ್ಪ ಏರಿತು, ಕಳೆದ ವರ್ಷ ಮತ್ತೆ ಇಳಿಯಿತು. ಅಂದು ಕೊಂಡವರು ಯಾರೆಂದು ನನಗೆ ಇಂದಿಗೂ ತಿಳಿದಿಲ್ಲ. ಕೆಲವರ ಮೇಲೆ ಗುಮಾನಿಯಿದೆ, ಇಲ್ಲಿ ಬರೆಯುವುದಿಲ್ಲ.

ಆ ಎರಡು ತಾರುಗಳ ಸಂಗತಿ ವರ್ಷದ ಮೇಲೆ ಬಂಗಲೆಯ ಅಡುಗೆಯವಳಿಂದ ತಿಳಿಯಿತು. ಏಜಂಟರ ಮಗಳಿಗೆ ಮುಂಬಯಿಯಲ್ಲಿ ಬೇನೆ ಎದ್ದಿದೆ ಎಂಬುದು ಮೊದಲನೆಯದು, ಗಂಡುಮಗು, ಇಬ್ಬರೂ ಸುಖ ಎಂಬುದು ಎರಡನೆಯದು. ಅಂದರೆ ಮಾಸ್ತರರಿಗೆ ಅದು ಮೊದಲ ಗಳಿಗೆಯಿಂದ ಗೊತ್ತಿತ್ತು. ಒಂದು ಮಾತಿನಿಂದ ಆ ಸಾಲನ್ನು ಮನೆಗೆ ಕಳಿಸಬಹುದಿತ್ತು, ಕಳಿಸಲಿಲ್ಲ. ಇದು ಸರಿಯೇ ಎಂದು ನಾನು ಬಹಳ ದಿನ ತಳಮಳಪಟ್ಟೆ. ನಷ್ಟಪಟ್ಟವರಲ್ಲಿ ಬಡವರೂ ಇದ್ದರು. ಕೊನೆಗೆ ಕಸ್ತೂರಬಾಯಿಯವರನ್ನೇ ಕೇಳಿದೆ.

“ನಾ ಮಾರತೀನಿ ಅಂತ ಮುಂಜಾನಿ ಅವರ ಮುಂದ ಅಂದಿದ್ನವ್ವಾ,” ಎಂದರು ಅವರು. “ಯಾರ್ ಹೇಳಿದ್ರಂತ ಕೇಳಿದ್ರು. ಎಲ್ಲಾರೂ ಅನ್ನಾಕತ್ತಾರಂತ ಹೇಳಿದೆ. ಮುಂದ ರೊಟ್ಟಿ ಮುರಕೊಂಡು ಸುಮ್ಮನಾದ್ರು. ನನ್ನ ತವರಿನ ಶೇರು ಹೋದ್ವು. ಆ ಮ್ಯಾಲ ಒಂದ ವಾರ ನಾನೂ ಮಾತಾಡಲಿಲ್ಲ.” ಮತ್ತೆ ತಾವೇ, “ಹೇಳಿದ್ರ ನಾ ನಿಮಗ ಹೇಳತಿದ್ದೆ, ನೀವ ನಳಕ್ಕ ಹೇಳತಿದ್ರಿ. ಮುಂದ ಯಾರ ತಾರ ಯಾರ ಮನ್ಯಾಗ ಉಳೀತಿತ್ತು?” ಎಂದು ನಕ್ಕರು.

ನನ್ನ ಸಂಶಯ ಅಲ್ಲಿ ಸೋತಿತು. ತಮಗೆ ಗೊತ್ತಿದ್ದುದರಿಂದ ಲಾಭ ಮಾಡಿಕೊಂಡವರನ್ನು ನಾನು ಬಹಳ ಕಂಡಿದ್ದೇನೆ. ಗೊತ್ತಿದ್ದೂ ತಮ್ಮ ತಟ್ಟೆಯ ಮುಂದೆಯೇ ನಷ್ಟವಾಗಲು ಬಿಟ್ಟವರು ಇವರೊಬ್ಬರೇ. ಅವರು ಮಾಡಿದ್ದು ಸರಿಯೆಂದು ಇಂದಿಗೂ ನಾನು ಪೂರ್ತಿ ಒಪ್ಪಿಲ್ಲ. ಆದರೆ ಅದಕ್ಕೆ ಕೈ ಮುಗಿಯುತ್ತೇನೆ.

ಕಮಳಾಳಿಗೆ ಈಗ ಹದಿನೈದು ವರ್ಷ. ಮಿರಜದಲ್ಲಿ ಎರಡು ತಿಂಗಳು ನೋವು ನುಂಗಿ ಬಂದಳು. ಕುಂಟು ಪೂರ್ತಿ ಹೋಗಿಲ್ಲ, ಗೋಡೆ ಹಿಡಿಯುವುದು ಹೋಗಿದೆ. ತಂತಿ ಕೆಲಸಕ್ಕೇ ಸೇರುವೆನೆಂದು ಹಟ ಹಿಡಿದಿದ್ದಾಳೆ. ನಿವೃತ್ತರಾದ ಮರುದಿನದಿಂದಲೇ ಮಾಸ್ತರರು ತಮ್ಮ ಮಾಳಿಗೆಯಲ್ಲಿ ಹಳೆಯದೊಂದು ತಂತಿ ಯಂತ್ರವಿಟ್ಟು ಅವಳಿಗೆ ಕಟಕಟ ಕಲಿಸುತ್ತಿದ್ದಾರೆ. ಹದಿನಾರು ಮೆಟ್ಟಿಲುಗಳನ್ನು ಅವಳೇ ಹತ್ತಿ ಹೋಗುತ್ತಾಳೆ. ಅವಳು ಸ್ವಂತ ಕಿಂಡಿಯ ಹಿಂದೆ ಕೂಡುವುದನ್ನು ಕಣ್ಣಾರೆ ಕಾಣುವಷ್ಟು, ಅವಳ ನಂತರವೂ ಹತ್ತು ಮಕ್ಕಳ ಬೆರಳು ತಿದ್ದುವಷ್ಟು ಆಯುಷ್ಯವೂ ಆರೋಗ್ಯವೂ ಆ ದಂಪತಿಗಳಿಗೆ ಇರಲೆಂದು ಪ್ರಾರ್ಥಿಸುತ್ತೇನೆ.

ನಿನ್ನೆ ಸಂಜೆ ಅವಳು ನಗುತ್ತ ಇಳಿದು ಬಂದಳು. ಗುರುಗಳು ಕಟಕಟ ಮಾಡಿ ಏನೋ ಸುದ್ದಿ ಕಳಿಸಿದ್ದರಂತೆ, ಅವಳು ಒಂದಕ್ಷರ ತಪ್ಪದೆ ಇಳಿಸಿಕೊಂಡಳಂತೆ. ಏನು ಸುದ್ದಿ ಎಂದು ಕೇಳಿದೆ.

“ಹೇಳಂಗಿಲ್ಲವ್ವಾ,” ಎಂದಳು.

ನಾನು ಮತ್ತೆ ಕೇಳಲಿಲ್ಲ.