ಗಾಜಿನ ತೊಟ್ಟಿಯ ಕೊರಮೀನು

ಚಿನ್ನದ ಗಣಿಯ ಸಂಗು ಕೂಗಿದ ಮೇಲೇ ನಮ್ಮ ಕಡೆ ಬೆಳಗಾಗುತ್ತಿದ್ದ ಕಾಲ ಅದು. ಗಣಿಯ ಸೈರನ್ನಿಗೆ ನಾವೆಲ್ಲ ಸಂಗು ಎನ್ನುತ್ತಿದ್ದೆವು. ಕೋಳಿ ಕೂಗಿದರೆ ಮಗ್ಗುಲು ಬದಲಿಸಿ ಮಲಗುತ್ತಿದ್ದವರು ಸಂಗು ಕೂಗಿದರೆ ಎದ್ದು ಕೂರುತ್ತಿದ್ದರು. ಆಂಡರ್ಸನ್‌ಪೇಟೆಯ ಆಚೆ ಸಾಲಾಗಿ ಕಟ್ಟಿದ ಕೂಲಿ ಲೈನುಗಳಲ್ಲಿ ನಮ್ಮದೊಂದು ಮನೆ. ಮನೆ ಅಂದರೆ ಬಿದಿರು ತಟ್ಟಿಯ ಗೋಡೆ, ಒಂದು ಕೋಣೆ, ಮುಂದೆ ಇಷ್ಟೇ ಇಷ್ಟು ಜಗಲಿ. ಪಕ್ಕದ ಮನೆಯಲ್ಲಿ ಮೆಣಸಿನಕಾಯಿ ಹುರಿದರೆ ನಮ್ಮ ಮನೆಯಲ್ಲಿ ಸೀನು. ಆಷಾಢ ಬಂತೆಂದರೆ ಚಿನ್ನ ತೆಗೆದ ಮೇಲೆ ಸುರಿದ ಸಯನೈಡ್ ದಿಬ್ಬದ ಬೂದು ಮರಳು ಗಾಳಿಗೆ ಎದ್ದು ಬಂದು ಮುದ್ದೆಯೊಳಗೆ ಕರಕರ ಎನ್ನುತ್ತಿತ್ತು. ಆ ರುಚಿ ಗೊತ್ತಿರುವವರು ಈಗ ಎಷ್ಟು ಜನ ಉಳಿದಿದ್ದಾರೋ ಕಾಣೆ. ನಾನಂತೂ ಅದನ್ನು ಮರೆತಿಲ್ಲ.

ನಮ್ಮಪ್ಪ ಮುನಿಯಪ್ಪನಿಗೆ ನೆಲದೊಳಗಿನ ಕೆಲಸ. ಬಂಡೆ ಕುಸಿಯದ ಹಾಗೆ ಮರದ ದಿಮ್ಮಿಗಳ ಆಸರೆ ಕೊಡುವ ಗುಂಪಿನಲ್ಲಿ ಅವನೊಬ್ಬ. ಹುಟ್ಟಿದ್ದು ಈಗಿನ ಬಂಗಾರಪೇಟೆ ಹತ್ತಿರದ ಹಳ್ಳಿಯಲ್ಲಿ. ಆಗ ಆ ಊರಿಗೆ ಬೌರಿಂಗ್‌ಪೇಟೆ ಎಂಬ ಹೆಸರು. ಅಮ್ಮನೂ ಅದೇ ಕಡೆಯವಳು. ಹೊಲದಲ್ಲಿ ಬೆನ್ನಿಗೆ ಬಿಸಿಲು ತಗುಲಿಸಿಕೊಂಡು ಬೆಳೆದವಳಿಗೆ, ಗಂಡ ದಿನಾ ಬಾವಿಯೊಳಗೆ ಕೊಡ ಇಳಿದ ಹಾಗೆ ಇಳಿಯುವುದು ಕೊನೆಯವರೆಗೂ ಒಗ್ಗಲಿಲ್ಲ.

ಒಂದು ದಿನ ಅಪ್ಪ ಹೆಗಲ ಮೇಲೆ ಗಾಜಿನ ತೊಟ್ಟಿಯೊಂದನ್ನು ಹೊತ್ತು ತಂದ. ಗಣಿಯ ಕರೆಂಟು ಮನೆಯಲ್ಲಿ ದೊಡ್ಡ ಬ್ಯಾಟರಿಗಳಿಗೆ ಬಳಸುತ್ತಿದ್ದ ತೊಟ್ಟಿ ಅದು. ಬಾಯಿ ಸ್ವಲ್ಪ ಒಡೆದಿದ್ದರಿಂದ ಗುಜರಿಗೆ ಎಸೆದಿದ್ದರಂತೆ. ಅಮ್ಮ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ಮುಂದಿನ ರಜೆಗೆ ಅಪ್ಪ ಬೇತಮಂಗಲದ ಕೆರೆಯಿಂದ ಗೇಣುದ್ದದ ಕೊರಮೀನು ಹಿಡಿದು ತಂದು ಅದರಲ್ಲಿ ಬಿಟ್ಟ.

"ಸಾರಿಗಾಕದು ಬುಟ್ಟು ಸಾಕ್ತಾನಂತೆ ನೋಡು" ಎಂದು ಅಮ್ಮ ಗೊಣಗಿದಳು.

"ಇರ್ಲಿ ಬುಡೆ. ಒಳಗೆಲ್ಲ ಕತ್ತಲು ನೋಡಿ ನೋಡಿ ಸಾಕಾಗೈತೆ. ಮನ್ಯಾಗೆ ನೀರು ನೋಡಾನ" ಎಂದ ಅಪ್ಪ.

ಕೊರಮೀನಿನ ತಲೆ ಹಾವಿನದು, ಬುದ್ಧಿ ಬೆಕ್ಕಿನದು. ನೀರಿನೊಳಗೆ ಕದಲದೆ ನಿಂತಿರುತ್ತಿತ್ತು. ಆಗಾಗ ಮೇಲೆ ಬಂದು ಗುಳುಕ್ ಎಂದು ಗಾಳಿ ಕುಡಿದು ಕೆಳಗಿಳಿಯುತ್ತಿತ್ತು. ಸತ್ತದ್ದನ್ನು ಮೂಸುತ್ತಿರಲಿಲ್ಲ. ಅನ್ನದ ಅಗುಳು ಹಾಕಿದರೆ ನಮ್ಮನ್ನೇ ದುರುಗುಟ್ಟಿ ನೋಡುವುದು. ಎರೆಹುಳ, ಮಿಡತೆ, ಕಾಲುವೆಯ ಪುಟ್ಟ ಮೀನು, ಹೀಗೆ ಜೀವ ಇದ್ದು ಮಿಸುಕಾಡಿದರೆ ಮಾತ್ರ ಅದಕ್ಕೆ ಊಟ. ಒಂದು ಸಲ ಏನೂ ಸಿಗದೆ ಅಪ್ಪ ಕುರಿಯ ಈಲಿಯನ್ನು ದಾರದ ಹಾಗೆ ಸೀಳಿ, ಕಡ್ಡಿಗೆ ಸಿಕ್ಕಿಸಿ, ನೀರಿನಲ್ಲಿ ಕುಣಿಸಿ ತಿನ್ನಿಸಿದ್ದ. ಹುಳ ತರುವುದು ನನ್ನ ಪಾಲಿನ ಕೆಲಸ. ನಲ್ಲಿಯ ಕೊಚ್ಚೆ ಹರಿಯುವ ಕಡೆ ಕೆದಕಿದರೆ ಕೆಂಪು ಹುಳಗಳು ಸಿಗುತ್ತಿದ್ದವು. ಹೊಟ್ಟೆ ತುಂಬಿದ ದಿನ ಮೀನು ತಳದ ಮರಳಿನ ಮೇಲೆ ಮಲಗಿಬಿಡುತ್ತಿತ್ತು. ಹಸಿದರೆ ಗಾಜಿಗೆ ಮೂತಿ ತಿಕ್ಕುತ್ತಾ ಆ ಕಡೆ ಈ ಕಡೆ ಓಡಾಡಿ, ಕೊನೆಗೆ ಜಿಗಿದು ಮೇಲೆ ಮುಚ್ಚಿದ್ದ ಮೊರವನ್ನೇ ಗುದ್ದುತ್ತಿತ್ತು. ಮೊರದ ಮೇಲೆ ಅಪ್ಪ ಒಂದು ಕಲ್ಲು ಹೇರಿದ್ದ.

ಈಗ ಬರ್ಸ್ಟಿನ ವಿಷಯ ಹೇಳಬೇಕು. ನೆಲದ ಆಳದಲ್ಲಿ ಬಂಡೆ ತಾನಾಗಿಯೇ ಸಿಡಿಯುವುದಕ್ಕೆ ನಮ್ಮವರು ಬರ್ಸ್ಟು ಎನ್ನುತ್ತಿದ್ದರು. ಮೇಲೆ ನಮ್ಮ ಮನೆಗಳಲ್ಲಿ ಪಾತ್ರೆ ಝಲ್ಲೆಂದರೆ ಕೆಳಗೆ ಯಾರಿಗೋ ಕಷ್ಟ ಬಂತೆಂದೇ ಅರ್ಥ. ಹೆಂಗಸರು ಮಾಡುತ್ತಿದ್ದ ಕೆಲಸ ಅಲ್ಲೇ ಬಿಟ್ಟು ಗಣಿಯ ಬಾಯಿಗೆ ಓಡುತ್ತಿದ್ದರು. ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮೀನು ಇದ್ದಕ್ಕಿದ್ದಂತೆ ಎದ್ದು ಮೊರ ಗುದ್ದಿತು. ಇನ್ನೂ ಮೊರ ಅಲುಗಾಡುತ್ತಿರುವಾಗಲೇ ಪಾತ್ರೆಗಳು ಝಲ್ಲೆಂದವು. ಅಪ್ಪ ರಜೆಯ ಮೇಲೆ ಮನೆಯಲ್ಲೇ ಇದ್ದ, ಕಣ್ಣಾರೆ ನೋಡಿದ.

"ನಮಗಿಂತ ಮುಂಚೆ ಇದುಕ್ಕೆ ಗೊತ್ತಾಯ್ತು ಕಣೆ!" ಎಂದ.

ಅಷ್ಟೇ ಸಾಕಾಯಿತು. ನೆಲದೊಳಗೆ ಇಳಿಯುವವರು ಬಡ ದೇವರನ್ನೂ ಬಿಡುವುದಿಲ್ಲ. ಅಪ್ಪ ಕೆಲಸಕ್ಕೆ ಹೊರಡುವಾಗ ತೊಟ್ಟಿಯ ಮುಂದೆ ಬಗ್ಗಿ ನೋಡಿಯೇ ಹೋಗತೊಡಗಿದ. ಮೀನು ಮಲಗಿದ್ದರೆ ಕೆಲಸ, ಕುಣಿದರೆ ರಜೆ. ಲೈನಿನ ಬೇರೆಯವರೂ "ಕೊರ ಏನಂತೈತೆ ಮುನಿಯಣ್ಣ?" ಎಂದು ಕೇಳಿಕೊಂಡೇ ಮುಂದೆ ಹೋಗುವರು. ನನಗೆ ಹೆಮ್ಮೆಯೋ ಹೆಮ್ಮೆ. ಕುಂಟೆಬಿಲ್ಲೆ ಆಡುವಾಗ ಎಲ್ಲರೂ ನನ್ನನ್ನೇ ಮೊದಲು ಆಡಲು ಬಿಡುತ್ತಿದ್ದರು.

ನಗುತ್ತಿದ್ದವನು ಒಬ್ಬನೇ, ಪಕ್ಕದ ಮನೆಯ ಪೆರುಮಾಳ್. ಆಂಬೂರು ಕಡೆಯಿಂದ ಬಂದವನು. ಮಾತಿನಲ್ಲಿ ತಮಿಳೂ ಕನ್ನಡವೂ ಸಾರು ಅನ್ನದ ಹಾಗೆ ಕಲೆತಿರುತ್ತಿದ್ದವು. ಅವನ ಕೆಲಸ ಗಣಿಯ ಮೇಲಿನ ಮಟ್ಟದಲ್ಲಿ, ಅಷ್ಟೇನೂ ಭಯವಿಲ್ಲದ ಜಾಗದಲ್ಲಿ. "ಎನ್ನಪ್ಪಾ ಮುನಿಯಾ, ಮೀನು ಸಾಮಿ ಆಯ್ತಾ? ಪುಳಿ ಹಾಕಿ ಕೊಳಂಬು ಮಾಡು, ಇನ್ನೂ ಜಾಸ್ತಿ ವರಂ ಕೊಡ್ತದೆ" ಎನ್ನುವನು. ನನ್ನನ್ನು ಕಂಡರೆ ಜೇಬಿನಿಂದ ಕಡಲೆಮಿಠಾಯಿ ತೆಗೆಯುವನು. ಅವನಿಗೂ ಅವನ ಹೆಂಡತಿ ಕುಪ್ಪಮ್ಮಾಳಿಗೂ ಮಕ್ಕಳಿರಲಿಲ್ಲ.

ಆಷಾಢದಲ್ಲಿ ಅಪ್ಪನನ್ನು ಇನ್ನೂ ಆಳದ ಮಟ್ಟಕ್ಕೆ ಹಾಕಿದರು. ಆಗ ಅಮ್ಮನ ಹೊಟ್ಟೆಯಲ್ಲಿ ನನ್ನ ತಮ್ಮ. ಅಲ್ಲಿ ಬಂಡೆ ಬಿಸಿ, ಗಾಳಿ ಬಿಸಿ, ದಿನಾ ಕಟಕಟ ಸದ್ದು ಎಂದು ಅಪ್ಪ ಯಾರ ಹತ್ತಿರವೋ ಹೇಳಿದ್ದು ತಟ್ಟಿ ಗೋಡೆಯ ಮೂಲಕ ಅವಳಿಗೂ ಕೇಳಿಸಿತ್ತು. ಅಂದಿನಿಂದ ಅವಳ ಮುಖ ಬದಲಾಯಿತು. ಬೇಡ, ಹೋಗಬೇಡ ಎಂದು ಅತ್ತಳು. ಅಪ್ಪ ಬೈದ, ಆಮೇಲೆ ನಕ್ಕ. "ಕೊರ ಬ್ಯಾಡ ಅಂದ್ರೆ ಓಗಕಿಲ್ಲ. ನೀನಂದ್ರೆ ಎಂಗೆ ಕೇಳ್ಳಿ?" ಎಂದ.

ತಮಾಷೆಗೆ ಆಡಿದ ಮಾತು. ಅಮ್ಮ ಅದನ್ನು ತಮಾಷೆಯಾಗಿ ಕೇಳಿಸಿಕೊಳ್ಳಲಿಲ್ಲ.

ಅದರ ಮುಂದಿನ ವಾರ ನನಗೆ ಜ್ವರ ಬಂದು ಹುಳ ಕೆದಕಲು ಹೋಗಿರಲಿಲ್ಲ. ಮೀನು ಮೊರ ಗುದ್ದಿತು, ಅಪ್ಪ ಕೆಲಸಕ್ಕೆ ಹೋಗಲಿಲ್ಲ. ಮಧ್ಯಾಹ್ನ ಅಮ್ಮ ತಾನೇ ನಾಲ್ಕು ಹುಳ ತಂದು ಹಾಕಿದಳು, ಮೀನು ತಿಂದು ಮಲಗಿತು. ಅವಳು ಬಹಳ ಹೊತ್ತು ತೊಟ್ಟಿಯ ಮುಂದೆ ಕೂತಿದ್ದಳು. ಜ್ವರ ಬಿಟ್ಟ ಮೇಲೆ ನಾನು ತೆಂಗಿನ ಚಿಪ್ಪಿನ ತುಂಬ ಹುಳ ತಂದರೆ ಚಿಪ್ಪನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಇವತ್ತು ಆಕ್ಬ್ಯಾಡ."

"ಯಾಕಮ್ಮ? ಅದುಕ್ಕೆ ಅಸಿವಾಗಕಿಲ್ವಾ?"

"ಆಕ್ಬ್ಯಾಡ ಅಂದ್ನಲ್ಲ. ನಿಮ್ಮಪ್ಪನ್ತಾವ ಏಳ್ಬ್ಯಾಡ."

ಹುಳಗಳನ್ನು ಕೋಳಿಗೆ ಎರಚಿದಳು. ಮರುದಿನವೂ ಅದೇ. ಮೀನಿನ ಮೈಮೇಲಿನ ಪಟ್ಟೆ ಮಂಕಾಯಿತು. ಗಾಜಿನ ಮೂಲೆಯಿಂದ ಮೂಲೆಗೆ ಹುಚ್ಚು ಹಿಡಿದ ಹಾಗೆ ತಿರುಗತೊಡಗಿತು. ನನಗೆ ಅಳು ಬರುತ್ತಿತ್ತು.

ಅದರ ಮರುದಿನ ಬೆಳಿಗ್ಗೆ ಅಪ್ಪ ತಲೆಗೆ ಬಟ್ಟೆ ಸುತ್ತಿಕೊಂಡು ಬಗ್ಗಿ ನೋಡುವಷ್ಟರಲ್ಲಿ ಮೊರದ ಮೇಲಿನ ಕಲ್ಲು ಉರುಳಿ ಬಿತ್ತು. ಅಪ್ಪ ಸುತ್ತಿದ ಬಟ್ಟೆ ಬಿಚ್ಚಿ ಜಗಲಿಯ ಮೇಲೆ ಕೂತ. ಒಳಗಿನಿಂದ ನೋಡುತ್ತಿದ್ದ ಅಮ್ಮನ ಮುಖಕ್ಕೆ ಬಣ್ಣ ಬಂತು. ಎಷ್ಟೋ ದಿನದ ಮೇಲೆ ಅವಳ ಮುಖ ಹಾಗೆ ಕಂಡಿತ್ತು.

ಅಷ್ಟರಲ್ಲಿ ಪೆರುಮಾಳ್ ಬಂದ. "ಹೊರಡಲಿಲ್ವಾ?"

"ಇವತ್ತಾಗಕಿಲ್ಲ ಕಣಣ್ಣ. ನೋಡು, ಎಂಗೆ ಕುಣೀತೈತೆ."

"ಐಯೋ ಪೈತ್ಯಮೇ, ಹುಚ್ಚು ಹಿಡೀತಾ! ಹೋದ ವಾರನೂ ರಜೆ. ಇವತ್ತೂ ಹೋಗಲಿಲ್ಲಾಂದ್ರೆ ಮೇಸ್ತ್ರಿ ನಿನ್ನ ಹೆಸರು ಹೊಡೆದು ಹಾಕ್ತಾನೆ." ಪೆರುಮಾಳ್ ತಲೆ ಕೆರೆದುಕೊಂಡ. "ಸರಿ, ನನ್ನ ಜಾಗಕ್ಕೆ ಯಾರಾದ್ರೂ ಸಿಕ್ತಾರೆ, ನಿನ್ನ ಬದಲಿ ನಾನು ಇಳೀತೀನಿ. ನಾನ್ ಪಾತ್ತುಕ್ಕಿರೇನ್, ಎಲ್ಲಾ ನೋಡ್ಕೋತೀನಿ. ನೀನು ಮೀನಿಗೆ ಪೂಜೆ ಮಾಡ್ಕೊಂಡು ಇರು."

ಅಪ್ಪ ಬೇಡವೆಂದ, ಆದರೆ ಗಟ್ಟಿಯಾಗಿ ಅನ್ನಲಿಲ್ಲ. ಪೆರುಮಾಳ್ ಹೊರಟೇಬಿಟ್ಟ. ಆಗ ಅಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಮುದ್ದೆಯ ಕೋಲು.

"ಪೆರುಮಾಳಣ್ಣಾ..."

ಅವನು ತಿರುಗಿ ನಿಂತ. "ಎನ್ನಮ್ಮಾ?"

ಅಮ್ಮ ನನ್ನನ್ನು ನೋಡಿದಳು, ತೊಟ್ಟಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು.

"ಏನಿಲ್ಲ. ಊಟ ಆಯ್ತಾ ಅಂದೆ."

"ಆಯ್ತಮ್ಮಾ! ಕುಪ್ಪು ಇವತ್ತು ಮೊರಿಂಗ ಸೊಪ್ಪು, ಅದೇ ನಿಮ್ಮ ನುಗ್ಗೆ ಸೊಪ್ಪು, ಮಾಡಿದ್ಲು. ಅವಳ ಕೈ ಕೈಯೇ" ಎಂದು ನಕ್ಕು, ಶಿಳ್ಳೆ ಹಾಕುತ್ತಾ ಹೋದ.

ಮಧ್ಯಾಹ್ನ ಪಾತ್ರೆಗಳು ಝಲ್ಲೆನ್ನಲಿಲ್ಲ, ಉರುಳಿ ಕೆಳಗೇ ಬಿದ್ದವು. ತಟ್ಟಿಯ ಮಣ್ಣು ಉದುರಿತು. ಅಪ್ಪ ಬರಿಗಾಲಲ್ಲಿ ಓಡಿದ. ಹೆಂಗಸರ ಗುಂಪಿನಲ್ಲಿ ಕುಪ್ಪಮ್ಮಾಳ್ ಗಾಬರಿಯಿಲ್ಲದೆ ನಡೆಯುತ್ತಿದ್ದಳು. ಅವಳ ಗಂಡ ಮೇಲಿನ ಮಟ್ಟದವನಲ್ಲವೇ? ಬೆಳಿಗ್ಗೆಯೇ ಬಟ್ಟೆ ಒಗೆಯಲು ಹೋಗಿದ್ದ ಅವಳಿಗೆ ಅವನು ಅವತ್ತು ಕೆಳಗಿಳಿದದ್ದೂ ಅಪ್ಪ ಮನೆಯಲ್ಲೇ ಉಳಿದದ್ದೂ ಗೊತ್ತೇ ಇರಲಿಲ್ಲ. "ಮುನಿಯಪ್ಪನಿಗೆ ಏನೂ ಆಗಬಾರದು ಮಾರಿಯಮ್ಮಾ" ಎಂದು ದಾರಿಯುದ್ದಕ್ಕೂ ಹರಕೆ ಹೊರುತ್ತಿದ್ದಳು ಎಂದು ಆಮೇಲೆ ಜನ ಹೇಳಿದರು.

ಸಂಜೆ ಪೆರುಮಾಳನನ್ನು ಮೇಲೆ ತಂದರು. ಅವನ ಮುಖ ಮುಚ್ಚಿತ್ತು.

ದುಃಖದ ಮನೆಯ ಪಕ್ಕದಲ್ಲೇ ನಮ್ಮ ಮನೆ ದೇವಸ್ಥಾನವಾಯಿತು. ಕೊರ ಮುನಿಯಪ್ಪನ ಜೀವ ಉಳಿಸಿತು ಎಂದು ಲೈನಿಗೆ ಲೈನೇ ಬಂತು. ಗಾಜಿಗೆ ಅರಿಶಿನ ಕುಂಕುಮ ಹಚ್ಚಿದರು. ಹುಳ, ಮಿಡತೆ, ಕಪ್ಪೆಮರಿ ತಂದು ಸುರಿದರು. ಮೀನು ಹೊಟ್ಟೆ ಬಿರಿಯುವಷ್ಟು ತಿಂದು ತಳದಲ್ಲಿ ಬಿದ್ದುಕೊಂಡಿತು. ರಾಬರ್ಟ್‌ಸನ್‌ಪೇಟೆಯಿಂದಲೂ ಜನ ನೋಡಲು ಬಂದರು. ಅಪ್ಪ ಯಾರಿಗೂ ಮುಖ ಕೊಡದೆ ಜಗಲಿಯ ಮೂಲೆಯಲ್ಲಿ ಕೂತಿರುತ್ತಿದ್ದ. ಅಮ್ಮ ಒಳಗಿನಿಂದ ಹೊರಗೆ ಬರಲೇ ಇಲ್ಲ. ಅಡುಗೆ ಮಾಡುವಳು, ನಮಗೆ ಬಡಿಸುವಳು, ತಾನು ಉಣ್ಣುತ್ತಿರಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ, ಅಪ್ಪ ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ, ಕುಪ್ಪಮ್ಮಾಳ್ ಬಂದಳು. ಹಣೆ ಬೋಳು, ಕೈ ಬೋಳು. ಕೈಯಲ್ಲಿ ಹಿತ್ತಾಳೆ ಚೆಂಬು, ಅದರೊಳಗೆ ಕಾಲುವೆಯ ಪುಟ್ಟ ಮೀನುಗಳು. ತೊಟ್ಟಿಯ ಮುಂದೆ ಕೂತು ಒಂದೊಂದನ್ನೇ ನೀರಿಗೆ ಬಿಟ್ಟಳು. ಕೊರಮೀನು ಕದಲಲಿಲ್ಲ. ಮರಿಗಳು ಅದರ ಮೂತಿಯ ಮುಂದೆಯೇ ಈಜಾಡಿದವು.

"ತಿನ್ನು ಸಾಮಿ" ಎಂದಳು. "ಅವರು ನಿನ್ನ ನೋಡಿ ನಗ್ತಿದ್ರು, ಅದಕ್ಕೆ ಕೋಪಾನಾ? ಮುನಿಯಪ್ಪಂಗೆ ನೀನು ಹೇಳ್ದೆ. ಇವರಿಗೆ ಯಾಕೆ ಹೇಳಲಿಲ್ಲ? ಗೋಡೆ ಆಚೆನೇ ಇದ್ವಲ್ಲ."

ಅವಳು ಜಗಳದ ಧ್ವನಿಯಲ್ಲಿ ಕೇಳಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ನಿಜವಾಗಿಯೂ ಉತ್ತರ ಬೇಕೆಂದೇ ಕೇಳುತ್ತಿದ್ದಳು. ಅಮ್ಮ ಒಳಗಿನಿಂದ ಎದ್ದು ಬಂದು ಅವಳೆದುರು ನೆಲದ ಮೇಲೆ ಕೂತಳು.

"ಅದುಕ್ಕೆ ಏನೂ ಗೊತ್ತಿರಲಿಲ್ಲ ಅಕ್ಕಾ. ಅಸಿದಿತ್ತು, ಅಷ್ಟೇ. ನಾನೇ ಆಕಿರಲಿಲ್ಲ. ಇವುರು ಓಗದೆ ಇರ್ಲಿ ಅಂತ."

ಕುಪ್ಪಮ್ಮಾಳ್ ಚೆಂಬನ್ನು ಕೆಳಗಿಟ್ಟಳು.

"ಹೋಗೋವಾಗ ನೀನು ಮಾತಾಡಿದ್ಯಂತೆ. ಏನಂದ್ರು?"

"ಊಟ ಆಯ್ತಾ ಅಂದೆ. ಆಯ್ತು, ಮೊರಿಂಗ ಸೊಪ್ಪು ಅಂದ್ರು. ನಿನ್ನ ಕೈ ಕೈಯೇ ಅಂದ್ರು."

ಆಗ ಅವಳು ಅತ್ತಳು. ಸಾವಿನ ದಿನವೂ ಹಾಗೆ ಅತ್ತಿರಲಿಲ್ಲ. ಅಮ್ಮ ಅವಳ ಕಾಲು ಹಿಡಿದುಕೊಂಡಳು. ಕುಪ್ಪಮ್ಮಾಳ್ ಕಾಲು ಬಿಡಿಸಿಕೊಳ್ಳಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಅಮ್ಮನ ತುಂಬಿದ ಹೊಟ್ಟೆಯನ್ನೊಮ್ಮೆ ನೋಡಿ ಎದ್ದಳು. "ಇನ್ನೊಂದು ಸಲ ಅದನ್ನ ಹಸಿದಿರೋಕೆ ಬಿಡಬೇಡ" ಎಂದಳು. ಗಂಡನಿಲ್ಲದವಳಿಗೆ ಲೈನಿನ ಮನೆ ಇಲ್ಲ. ಆ ವಾರದಲ್ಲೇ ಗಂಟು ಕಟ್ಟಿಕೊಂಡು ಆಂಬೂರಿನ ಅಣ್ಣನ ಮನೆಗೆ ಹೋದಳು. ಲೈನಿನಲ್ಲಿ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಅಂದಿನಿಂದ ಹುಳ ಕೆದಕುವ ಕೆಲಸ ಅಮ್ಮನದಾಯಿತು. ಬಸುರಿ ಹೆಂಗಸು ಕೊಚ್ಚೆಯಲ್ಲಿ ಕೂತು ಕೆದಕುವಳು. ಸಂಗು ಕೂಗುವ ಮುಂಚೆಯೇ ಮೀನಿನ ಹೊಟ್ಟೆ ತುಂಬಿಸಿಬಿಡುವಳು. ಮೀನು ದಿನಾ ತೆಪ್ಪಗೆ ಮಲಗಿರುತ್ತಿತ್ತು. ಅಪ್ಪ ದಿನಾ ಬಗ್ಗಿ ನೋಡುವನು, ಬಟ್ಟೆ ಸುತ್ತಿಕೊಂಡು ಹೊರಡುವನು. ಅಮ್ಮ ಬಾಗಿಲಲ್ಲಿ ನಿಂತು ನೋಡುವಳು. ಅವನನ್ನು ತಡೆಯಲು ಅವಳ ಹತ್ತಿರ ಇದ್ದದ್ದು ಅದೊಂದೇ ದಾರಿ, ಅದನ್ನೂ ಅವಳೇ ತನ್ನ ಕೈಯಾರೆ ಮುಚ್ಚಿಕೊಂಡಳು. ಅಪ್ಪನಿಗೆ ವಿಷಯ ಗೊತ್ತಾಯಿತೋ ಇಲ್ಲವೋ ನನಗೆ ತಿಳಿಯದು. ಮೀನು ಮುಂದಿನ ಬೇಸಿಗೆಯಲ್ಲಿ ಸತ್ತಾಗ ಅವನು ಇನ್ನೊಂದನ್ನು ತರಲಿಲ್ಲ. ಕೊನೆಗೆ ಅವನನ್ನು ಕೊಂದದ್ದು ಬಂಡೆಯಲ್ಲ, ಎದೆಯಲ್ಲಿ ಕೂತ ಧೂಳು.

ಈಗ ಸಂಗು ಕೂಗುವುದಿಲ್ಲ. ಗಣಿಯ ಬಾಯಿ ಮುಚ್ಚಿದೆ, ತಟ್ಟಿ ಮನೆಗಳು ಮಣ್ಣಾಗಿವೆ. ಬಂಗಾರಪೇಟೆಯ ನಮ್ಮ ಮನೆಯಲ್ಲಿ ಮೊಮ್ಮಗಳು ಗಾಜಿನ ಪೆಟ್ಟಿಗೆಯಲ್ಲಿ ಬಣ್ಣದ ಮೀನು ಸಾಕಿದ್ದಾಳೆ. ಡಬ್ಬಿಯಿಂದ ಕಾಳು ಉದುರಿಸಿದರೆ ತಿನ್ನುತ್ತವೆ. ಅವು ಗಾಜಿಗೆ ಮೂತಿ ತಿಕ್ಕಿದರೆ "ಅಜ್ಜಿ, ನೋಡು, ಡ್ಯಾನ್ಸ್ ಮಾಡ್ತಿವೆ" ಎನ್ನುತ್ತಾಳೆ. ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ಹೋಗಿ ಡಬ್ಬಿ ಹುಡುಕುತ್ತೇನೆ.

ಬಾಗಿಲಿಗೆ ಯಾರು ಬಂದರೂ "ಊಟ ಆಯ್ತಾ?" ಎಂದು ಕೇಳುವುದು ನಮ್ಮ ಕಡೆಯ ರೂಢಿ. ಗೊತ್ತಿದ್ದವರನ್ನೂ ಕೇಳುತ್ತೇವೆ, ಗೊತ್ತಿಲ್ಲದವರನ್ನೂ ಕೇಳುತ್ತೇವೆ. ಅಮ್ಮ ಅದಾದ ಮೇಲೆ ಬಹಳ ವರ್ಷ ಬದುಕಿದಳು. ಆ ಮಾತನ್ನು ಮಾತ್ರ ಯಾರನ್ನೂ ಕೇಳಲಿಲ್ಲ. ಬಂದವರ ಮುಂದೆ ಸುಮ್ಮನೆ ತಟ್ಟೆ ಇಡುತ್ತಿದ್ದಳು.