ಕುಜನ ಇಬ್ಬರು ಚಂದ್ರರು

ಎಂಬತ್ತರ ದಶಕದ ಕೊನೆಯಲ್ಲಿ ನಾನು ದೊಡ್ಡಬೆಳವಂಗಲದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ನನ್ನ ಜಾತಕದಲ್ಲಿ ಕುಜ ಏಳನೆಯ ಮನೆಯಲ್ಲಿದ್ದ. ಅಂಥವಳನ್ನು ಕಟ್ಟಿಕೊಂಡ ಗಂಡ ಬಾಳುವುದಿಲ್ಲ ಎಂಬ ಮಾತಿಗೆ ಹೆದರಿ, ಬಂದ ಸಂಬಂಧಗಳೆಲ್ಲ ಹಿಂದಕ್ಕೆ ಹೋಗುತ್ತಿದ್ದವು. ಅಮ್ಮ ಮಂಗಳವಾರ ಒಪ್ಪೊತ್ತು ಹಿಡಿದಿದ್ದಳು.

ಒಂದು ದಿನ ಮಂಗಳ ಗ್ರಹದ ಪಾಠ ಮಾಡುವಾಗ ಹುಡುಗಿಯೊಬ್ಬಳು ಎದ್ದು, "ಮಿಸ್, ನಿಮ್ ಜಾತಕದಲ್ಲಿರೋದು ಇದೇನಾ?" ಎಂದಳು. "ಇದೇ ಕಣಮ್ಮ" ಎಂದು ನಕ್ಕೆ. ಆದರೆ ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಕೂತಾಗ ಕಣ್ಣು ತುಂಬಿ ಬಂತು.

ಅದಾದ ಮೇಲೆ ಒಂದು ಭಾನುವಾರ ನೆಲಮಂಗಲದಿಂದ ಗಂಡಿನ ಕಡೆಯವರು ಬಂದರು. ಈ ಸಲ ದೋಷದ ಮಾತೇ ಎತ್ತಬಾರದೆಂದು ಅಪ್ಪ ಮೊದಲೇ ಹೇಳಿದ್ದ. ಹುಡುಗ ತಲೆ ಎತ್ತಲಿಲ್ಲ. ಉಪ್ಪಿಟ್ಟಿನ ತಟ್ಟೆ ಹಿಡಿದಿದ್ದ ಅವನ ತಾಯಿ ಕೇಳಿದರು:

"ಈಗ ಯಾವ್ ಪಾಠ ನಡೀತೈತವ್ವ?"

ಬಾಗಿಲ ಹಿಂದಿನಿಂದ ಅಮ್ಮ ಬೇಡ ಬೇಡವೆಂದು ತಲೆಯಾಡಿಸುತ್ತಿದ್ದಳು. ಮುಚ್ಚಿಟ್ಟು ಸಾಕಾಗಿತ್ತು ನನಗೆ.

"ಕುಜನ ಪಾಠ. ಅವನಿಗೆ ಇಬ್ಬರು ಚಂದ್ರರು. ನಮ್ಮ ಚಂದ್ರನ ಥರ ಗುಂಡಗಿಲ್ಲ, ಆಲೂಗೆಡ್ಡೆ ಥರ ಇದಾರೆ. ಒಬ್ಬನಂತೂ ಪಡುವಣದಲ್ಲಿ ಹುಟ್ಟಿ ಮೂಡಣದಲ್ಲಿ ಮುಳುಗ್ತಾನೆ. ನನ್ನ ಜಾತಕದಲ್ಲೂ ಕುಜದೋಷ ಇದೆ."

ಅಪ್ಪನ ಮುಖ ಕಪ್ಪಿಟ್ಟಿತು. ಆ ತಾಯಿ ಮಾತ್ರ, "ಚಂದ್ರರಿಗೆ ಹೆಸರೇನು?" ಎಂದರು.

"ಫೋಬೋಸ್, ಡೀಮೋಸ್. ನಮ್ಮ ಮಾತಲ್ಲಿ ಭಯ, ದಿಗಿಲು ಅಂತ."

ಅವರು ತಟ್ಟೆ ಕೆಳಗಿಟ್ಟರು. "ಹೆಸರು ಸರಿಯಾಗೇ ಇಟ್ಟವ್ರೆ. ನಂದೂ ಇಂಥದ್ದೇ ಜಾತಕ. ನಮ್ಮಪ್ಪ ಮುಚ್ಚಿಟ್ಟು ಮದುವೆ ಮಾಡ್ದ. ಯಜಮಾನ್ರು ಒಂದ್ಸಲ ಕೆಮ್ಮಿದ್ರೂ ನನ್ನ ಎದೆ ಹೊಡ್ಕೊಳ್ಳೋದು."

ಪಕ್ಕದಲ್ಲೇ ಕೂತಿದ್ದ ಯಜಮಾನರು ಬೆಚ್ಚಿ ನೋಡಿದರು. "ಇಷ್ಟು ವರ್ಷ ನನಗೇ ಹೇಳ್ಲಿಲ್ವಲ್ಲೇ!"

"ಹೇಳಿದ್ರೆ ಹೆದರ್ಕೊಂಡೇ ಸತ್ತೋಗ್ತಿದ್ರಿ."

ಯಜಮಾನರು ನಿಧಾನವಾಗಿ ಹೆಂಡತಿಯ ಕೈ ಮೇಲೆ ಕೈಯಿಟ್ಟು, "ಒಬ್ಳೇ ಹೊತ್ಕೊಂಡಿದ್ದೆ ಅನ್ನು" ಎಂದರು. ಅಷ್ಟು ಹೊತ್ತಿಗೆ ಹುಡುಗ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದ.

ಆ ಬೇಸಿಗೆಯಲ್ಲೇ ನಮ್ಮ ಮದುವೆಯಾಯಿತು. ಮುಂದೊಂದು ಕಾರ್ತಿಕದ ಸಂಜೆ ಅತ್ತೆ ದೀಪ ಹಚ್ಚಿಟ್ಟು, ಕುಜನನ್ನು ತೋರಿಸು ಎಂದು ನನ್ನನ್ನು ತಾರಸಿಗೆ ಕರೆದುಕೊಂಡು ಹೋದರು. ಹೆದ್ದಾರಿಯ ಲಾರಿಗಳ ಸದ್ದಿನಾಚೆ, ಮೂಡಣದಲ್ಲಿ ಕೃತ್ತಿಕೆಯ ಹತ್ತಿರ ಅವನು ಕೆಂಪಗೆ ಏರಿದ್ದ.

"ಆ ಇಬ್ರೂ ಎಲ್ಲಿ?"

"ಬರಿಗಣ್ಣಿಗೆ ಕಾಣಲ್ಲ ಅತ್ತೆ. ತೀರಾ ಚಿಕ್ಕವರು."

"ಅಷ್ಟು ಚಿಕ್ಕವರಾ?" ಎಂದು ಅವರು ಸೆರಗು ಹೊದ್ದುಕೊಂಡು ಬಹಳ ಹೊತ್ತು ನೋಡುತ್ತ ನಿಂತರು. ಕೆಳಗಿನಿಂದ ಮಾವ ಕಾಫಿಗೆ ಕೂಗುತ್ತಿದ್ದರು.